ಅರವತ್ತಕ್ಕೆ ಬಂದು ನಿಂತೆ: ಜರ್ಕ್ ಹೊಡೆಯುವ ಪಿಸಿ ಜೊತೆ ನಾಲ್ಕು ತಿಂಗಳು

ಮೊನ್ನೆ ಭಾನುವಾರ ರಾತ್ರಿ ಎರಡು ತಾಸು ರೆಡ್ ಡೆಡ್ ರಿಡೆಂಪ್ಷನ್ 2 ಅನ್ನುವ ಆಟ ಆಡಿದೆ. ಚಿತ್ರ ತಡವರಿಸುವ ಜರ್ಕ್ ಒಂದೇ ಒಂದೂ ಬರಲಿಲ್ಲ. ಯುಪಿಎಸ್ ಕೂಗಲಿಲ್ಲ. ಇಷ್ಟಕ್ಕೆ ನಾಲ್ಕು ತಿಂಗಳು, 3,220 ರೂಪಾಯಿ ಮತ್ತು ಬೆಂಗಳೂರಿಗೆ ಒಂದು ಕೊರಿಯರ್ ಬೇಕಾಯಿತು ಅಂದರೆ ನಗು ಬರುತ್ತದೆ, ಅಲ್ವಾ? ನನಗೂ ಈಗ ಬರುತ್ತದೆ. ಆಗ ಬಂದಿರಲಿಲ್ಲ.

ನಾನಿರುವುದು ಧಾರವಾಡದ ಸಪ್ತಾಪುರದಲ್ಲಿ. ಹಗಲು ಹುಬ್ಬಳ್ಳಿಯಲ್ಲಿ ಲೆಕ್ಕಪತ್ರದ ಕೆಲಸ, ರಾತ್ರಿ ಊಟ ಆದಮೇಲೆ ಒಂದು ತಾಸು ಆಟ. ಕಳೆದ ದೀಪಾವಳಿಗೆ ಆರ್‌ಡಿ ದುಡ್ಡು ಬಿಡಿಸಿ 61 ಸಾವಿರಕ್ಕೆ ಪಿಸಿ ಜೋಡಿಸಿಕೊಂಡೆ. ರೈಜನ್ 5 5600 ಪ್ರೊಸೆಸರ್, ಎನ್‌ವಿಡಿಯಾ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 8 ಜಿಬಿ ರ‍್ಯಾಮ್‌ನ ಒಂದೇ ಕಡ್ಡಿ. ಮಾನಿಟರ್ ಹಳೆಯದು, 75 ಹರ್ಟ್ಸ್, ಅಂದರೆ ಸೆಕೆಂಡಿಗೆ 75 ಸಲ ಚಿತ್ರ ಬದಲಿಸುವಂಥದ್ದು. ಈ 75 ಅನ್ನುವ ಅಂಕಿ ನೆನಪಿಟ್ಟುಕೊಳ್ಳಿ, ಕಡೆಗೆ ಕೆಲಸ ಕೆಡಿಸಿದ್ದು ಅದೇ.

ಮೊದಲ ಎರಡು ತಿಂಗಳು ಸಣ್ಣಪುಟ್ಟ ಹಳೆಯ ಆಟ ಆಡಿಕೊಂಡು ಖುಷಿಯಾಗಿದ್ದೆ. ಫೆಬ್ರವರಿಯಲ್ಲಿ ರೆಡ್ ಡೆಡ್ ಹಾಕಿದೆ. ಕಾಡಿನಲ್ಲಿ ಕುದುರೆ ಓಡಿಸುವಾಗ ಮೂಲೆಯಲ್ಲಿ 95, 100 ಅಂತ ಎಫ್‌ಪಿಎಸ್ ತೋರಿಸುತ್ತಿತ್ತು, ಅಂದರೆ ಸೆಕೆಂಡಿಗೆ ಅಷ್ಟು ಫ್ರೇಮ್, ಅಷ್ಟು ಚಿತ್ರ. ಸೇಂಟ್ ಡೆನಿಸ್ ಊರೊಳಗೆ ಕಾಲಿಟ್ಟರೆ 66, 70. ಆದರೆ ಅಂಕಿ ಎಷ್ಟೇ ಇರಲಿ, ಕ್ಯಾಮೆರಾ ತಿರುಗಿಸಿದಾಗ ಚಿತ್ರ ತಡವರಿಸುತ್ತಿತ್ತು. ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟಿ ಓಡಿಸಿದ ಹಾಗೆ. ವಿ-ಸಿಂಕ್ (ಮಾನಿಟರ್ ಲಯಕ್ಕೆ ಹೊಂದಿಸಿ ಚಿತ್ರ ಕೊಡುವ ಸೆಟ್ಟಿಂಗ್) ಆಫ್ ಮಾಡಿದರೆ ಚಿತ್ರ ಅಡ್ಡಕ್ಕೆ ಹರಿದಂತೆ ಕಾಣುತ್ತಿತ್ತು, ಆನ್ ಮಾಡಿದರೆ ಜರ್ಕ್ ಇನ್ನೂ ಜಾಸ್ತಿ.

ಇದರ ಜೊತೆಗೆ ಯುಪಿಎಸ್ ಗೋಳು. ನನ್ನದು 600 ವಿಎ, ಅಂದರೆ 360 ವ್ಯಾಟ್ ಎಳೆಯುವ ಯುಪಿಎಸ್. ಆಟ ಜೋರಾದಾಗ ಓವರ್‌ಲೋಡ್ ಅಂತ ಕುಂಯ್ ಕುಂಯ್ ಶುರು. ಸೆಕೆ ಅಂತ ಟೇಬಲ್ ಫ್ಯಾನನ್ನೂ ಅದಕ್ಕೇ ಚುಚ್ಚಿದ್ದೆ, ಅದು ನನ್ನದೇ ತಪ್ಪು. ಫ್ಯಾನ್ ತೆಗೆದರೂ ಆಗೊಮ್ಮೆ ಈಗೊಮ್ಮೆ ಕೂಗುವುದು ನಿಲ್ಲಲಿಲ್ಲ. ಅವ್ವ ಒಳಗಿನಿಂದ, "ಇಷ್ಟ್ ರೊಕ್ಕಾ ಕೊಟ್ಟು ತಂದದ್ದು ಇದರ ಕೂಗು ಕೇಳಾಕೇನು?" ಅಂತ ಕೇಳುತ್ತಿದ್ದಳು. ಉತ್ತರ ಇರಲಿಲ್ಲ.

ಮನೆ ಹತ್ತಿರ ರಿಪೇರಿ ಮಾಡುವವರೊಬ್ಬರು ಇದ್ದಾರೆ. "ವಿಂಡೋಸ್ ಹಳಸೇತ್ರಿ, ಹೊಸಾದ್ ಹಾಕೋಣು" ಅಂದರು. 500 ರೂಪಾಯಿ. ಒಂದು ಸಂಜೆ ಹೋಯಿತು, ಸೇವ್ ಫೈಲ್ ಒಂದೂ ಉಳಿಯಲಿಲ್ಲ, ಜರ್ಕ್ ಮಾತ್ರ ಹಾಗೇ ಉಳಿಯಿತು. ಇದನ್ನು ಓದುತ್ತಿರುವವರು ಯಾರಿಗೂ ವಿಂಡೋಸ್ ಮುಟ್ಟಲು ಕೊಡುವ ಮುಂಚೆ ಸೇವ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ನಾನು ಅಧ್ಯಾಯ ಮೂರರಲ್ಲಿದ್ದೆ, ಮತ್ತೆ ಹಿಮದಲ್ಲಿ ಮೊದಲಿನಿಂದ ನಡೆಯಬೇಕಾಯಿತು.

ಮುಂದಿನ ವಾರ ಇನ್ನೊಬ್ಬರು, "ಬಿಸಿ ಆಗಾಕತ್ತೇತಿ" ಅಂತ ಹೇಳಿ ಧೂಳು ಹೊಡೆದು ಥರ್ಮಲ್ ಪೇಸ್ಟ್ ಬದಲಿಸಿ 400 ತಗೊಂಡರು. ಬಿಸಿ ನಾಲ್ಕೈದು ಡಿಗ್ರಿ ಇಳಿಯಿತು. ಜರ್ಕ್ ಇಳಿಯಲಿಲ್ಲ. ಆಮೇಲೆ 1,700 ಕೊಟ್ಟು ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸಿದೆ. ಈ ಖರ್ಚಿನ ಬಗ್ಗೆ ನನಗೆ ಬೇಸರ ಇಲ್ಲ. ಒಂದೇ ಕಡ್ಡಿ ಇದ್ದರೆ ಮೆಮೊರಿ ಒಂದೇ ಚಾನೆಲ್‌ನಲ್ಲಿ ನಡೆಯುತ್ತದೆ, ಎರಡು ಹಾಕಿದರೆ ಎರಡು ದಾರಿ ಸಿಗುತ್ತದೆ. ಊರೊಳಗೆ ಆಗಾಗ ಅರ್ಧ ಸೆಕೆಂಡ್ ಗಕ್ಕನೆ ನಿಲ್ಲುತ್ತಿದ್ದದ್ದು ಇದರಿಂದ ಹೋಯಿತು. ಆದರೆ ಆ ಸಣ್ಣ ತಡವರಿಕೆ, ಕಣ್ಣಿಗೆ ಮರಳು ಬಿದ್ದಂಥದ್ದು, ಹೋಗಲಿಲ್ಲ.

ಆಗ ಒಬ್ಬರು, "ಕಾರ್ಡ್ ಹೋಗೇತ್ರಿ ಇದು" ಅಂದುಬಿಟ್ಟರು. 61 ಸಾವಿರದಲ್ಲಿ 24 ಸಾವಿರ ಆ ಕಾರ್ಡ್‌ಗೇ ಹೋಗಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ವಾರಂಟಿ ಇದೆಯಲ್ಲ, ಕೇಳೋಣ ಅಂತ ಬೆಂಗಳೂರಿನ ಸರ್ವಿಸ್ ಸೆಂಟರ್‌ಗೆ ಬರೆದೆ. ಅವರು ಕೇಳಿದ್ದು ನಾಲ್ಕು: ಜಿಎಸ್‌ಟಿ ಬಿಲ್, ಕಾರ್ಡ್ ಮೇಲಿನ ಸೀರಿಯಲ್ ನಂಬರಿನ ಫೋಟೋ, ತೊಂದರೆ ಕಾಣುವ ವಿಡಿಯೋ, ವಿಳಾಸ. ಬಿಲ್ ತೆಗೆದು ನೋಡಿದರೆ ಅದು ಬಿಲ್ಲೇ ಅಲ್ಲ, ಕೊಟೇಶನ್ ಚೀಟಿ. ಮೇಲೆ ಪೆನ್ನಿನಲ್ಲಿ 'ಸಂದಾಯ' ಅಂತ ಬರೆದಿತ್ತು. ದಿನಾ ಬೇರೆಯವರ ಬಿಲ್ ಸರಿ ಇದೆಯೋ ಇಲ್ಲವೋ ನೋಡಿ ಸಂಬಳ ತಗೊಳ್ಳುವವನು ನಾನು. ನನ್ನ ಬಿಲ್ ನೋಡಿಕೊಂಡಿರಲಿಲ್ಲ.

ಪಿಸಿ ಕೊಂಡ ಹುಬ್ಬಳ್ಳಿಯ ಅಂಗಡಿಗೆ ಮೂರು ಸಲ ಹೋದೆ. ಮಾರ್ಚ್ ಕೊನೆ, ಅವರಿಗೂ ಲೆಕ್ಕ ಮುಗಿಸುವ ಗಡಿಬಿಡಿ. ಮೂರನೇ ಸಲ ಬಿಲ್ ಸಿಕ್ಕಿತು. ಅದನ್ನು ಕಳಿಸಿದರೆ ಎರಡು ದಿನ ಬಿಟ್ಟು ಉತ್ತರ: ಸೀರಿಯಲ್ ನಂಬರ್ ಹೊಂದುತ್ತಿಲ್ಲ. ಬಿಲ್‌ನಲ್ಲಿ 'ಬಿ' ಅಕ್ಷರದ ಜಾಗದಲ್ಲಿ 8 ಅಂತ ಹೊಡೆದಿದ್ದರು. ಮತ್ತೆ ಹುಬ್ಬಳ್ಳಿ, ಮತ್ತೆ ತಿದ್ದುಪಡಿ. ಪಿಸಿ ಕೊಂಡ ದಿನವೇ, ಅಂಗಡಿಯಲ್ಲೇ ನಿಂತು, ಡಬ್ಬಿಯ ಮೇಲಿನ ನಂಬರ್ ಮತ್ತು ಬಿಲ್‌ನಲ್ಲಿರುವ ನಂಬರ್ ಒಂದೊಂದೇ ಅಕ್ಷರ ಹಿಡಿದು ಹೋಲಿಸಿಕೊಳ್ಳಿ. ಡಬ್ಬಿ ಎಸೆಯಬೇಡಿ.

ಯುಗಾದಿ ಮುಗಿದ ವಾರ ಕಾರ್ಡ್ ಬಿಚ್ಚಿ, ಬಬಲ್ ಶೀಟ್ ಸುತ್ತಿ, ಡಬ್ಬಿಯನ್ನು ತೊಡೆ ಮೇಲೆ ಇಟ್ಟುಕೊಂಡು ಜುಬಿಲಿ ಸರ್ಕಲ್‌ನಿಂದ ಚಿಗರಿ ಬಸ್ ಹತ್ತಿದೆ. ಉಣಕಲ್ ಕೆರೆ ದಾಟುವವರೆಗೂ ಕೈ ಬಿಟ್ಟಿರಲಿಲ್ಲ. ಕೊರಿಯರ್‌ಗೆ ವಿಮೆ ಸೇರಿ 620 ಆಯಿತು.

ಮನೆಗೆ ಬಂದು ಪಿಸಿ ಆನ್ ಮಾಡಿದರೆ ಪರದೆ ಕಪ್ಪು. ಗಾಬರಿಯಾಗಿ ಕೇಬಲ್ ಎಲ್ಲ ಅಲ್ಲಾಡಿಸಿದೆ. ಅರ್ಧ ತಾಸು ಆದಮೇಲೆ ತಿಳಿಯಿತು, ರೈಜನ್ 5 5600 ಒಳಗೆ ಗ್ರಾಫಿಕ್ಸ್ ಇಲ್ಲವೇ ಇಲ್ಲ. ಹೆಸರಿನ ಕೊನೆಗೆ 'ಜಿ' ಇರುವ 5600ಜಿ ಆದರೆ ಇರುತ್ತದೆ. ಕಾರ್ಡ್ ಕಳಿಸಿದವನ ಹತ್ತಿರ ಬೇರೆ ಕಾರ್ಡ್ ಇಲ್ಲದಿದ್ದರೆ ಪಿಸಿ ಬರೀ ಗಾಳಿ ಬಿಡುವ ಡಬ್ಬಿ. ಮನೆಗೆ ತಂದ ಆಫೀಸ್ ಕೆಲಸವೂ ನಿಂತಿತು. ಕೊನೆಗೆ ಒಂದು ಅಂಗಡಿಯಲ್ಲಿ ಹಳೆಯ ಜಿಟಿ 710 ಕಾರ್ಡನ್ನು ಸಾವಿರ ರೂಪಾಯಿ ಡಿಪಾಸಿಟ್ ಮೇಲೆ ಕೊಟ್ಟರು. ಎಕ್ಸೆಲ್ ನಡೆಯಿತು, ಅಷ್ಟು ಸಾಕಾಗಿತ್ತು.

26 ದಿನ ಕಾದೆ. ಕಾರ್ಡ್ ವಾಪಸ್ ಬಂತು. ಜೊತೆಗಿದ್ದ ಚೀಟಿಯಲ್ಲಿ ಒಂದೇ ಸಾಲು: ದೋಷ ಕಂಡುಬಂದಿಲ್ಲ.

ಅವತ್ತು ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಆದರೆ ಆಟ ಹಾಕಿದರೆ ಅದೇ ಜರ್ಕ್.

ನಮ್ಮ ಮೇಲಿನ ಮನೆಯಲ್ಲಿ ಒಬ್ಬ ಹುಡುಗ ಇದ್ದಾನೆ. ಕೆಎಎಸ್ ಕೋಚಿಂಗ್‌ಗೆ ಬಂದವನು. ಓದುವುದಕ್ಕಿಂತ ಗೇಮಿಂಗ್ ವಿಷಯ ಅವನಿಗೆ ಚೆನ್ನಾಗಿ ಗೊತ್ತು, ಅವರಪ್ಪನಿಗೆ ಮಾತ್ರ ಹೇಳಬಾರದು. ಅವನು ಬಂದು ಐದು ನಿಮಿಷ ಸುಮ್ನೆ ನೋಡಿದ. "ಅಣ್ಣಾ, ನೀ ಎಫ್‌ಪಿಎಸ್ ನೋಡಾಕತ್ತಿ. ಫ್ರೇಮ್ ಟೈಮ್ ನೋಡು" ಅಂದ. ಅಂದರೆ ಒಂದೊಂದು ಫ್ರೇಮ್ ತಯಾರಾಗಲು ಹಿಡಿಯುವ ಹೊತ್ತು.

ಕಾರ್ಡ್ ಮೇಲೆ ಕಣ್ಣಿಡುವ ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿದ. ಅದರ ಜೊತೆಗೇ ರಿವಾಟ್ಯೂನರ್ ಸ್ಟ್ಯಾಟಿಸ್ಟಿಕ್ಸ್ ಸರ್ವರ್ ಅನ್ನುವ ಇನ್ನೊಂದು ಪುಟ್ಟ ಸಾಫ್ಟ್‌ವೇರ್ ಬರುತ್ತದೆ, ಎಲ್ಲರೂ ಆರ್‌ಟಿಎಸ್‌ಎಸ್ ಅನ್ನುತ್ತಾರೆ. ಎರಡೂ ಉಚಿತ. ಆಫ್ಟರ್‌ಬರ್ನರ್ ಹೆಸರಿನಲ್ಲಿ ನಕಲಿ ತಾಣಗಳು ಇವೆ, ಹುಡುಕಿದಾಗ ಮೊದಲು ಬರುವ ಜಾಹೀರಾತನ್ನು ಒತ್ತಬೇಡಿ. ಎಂಎಸ್‌ಐ ತಾಣದಿಂದ ಅಥವಾ ಗುರು3ಡಿಯಿಂದಲೇ ಇಳಿಸಿಕೊಳ್ಳಿ. ಮಾನಿಟರಿಂಗ್ ಪಟ್ಟಿಯಲ್ಲಿ ಫ್ರೇಮ್ ಟೈಮ್ ಆರಿಸಿ, ಅದನ್ನು ಗ್ರಾಫ್ ಆಗಿ ತೋರಿಸು ಅಂತ ಗುರುತು ಹಾಕಿದ. ಆಟದ ಮೂಲೆಯಲ್ಲಿ ಒಂದು ಗೆರೆ ಓಡತೊಡಗಿತು.

ಗೆರೆ ಅಂದರೆ ಗರಗಸ. ಒಂದು ಫ್ರೇಮ್ 10 ಮಿಲಿಸೆಕೆಂಡ್, ಮುಂದಿನದು 14, ಆಮೇಲೆ 9, ಇದ್ದಕ್ಕಿದ್ದಂತೆ 22. ಸರಾಸರಿ ತೆಗೆದರೆ 80-90 ಎಫ್‌ಪಿಎಸ್, ನೋಡಲು ಭರ್ಜರಿ. ಕಣ್ಣಿಗೆ ಸಿಗುವುದು ಸರಾಸರಿ ಅಲ್ಲವಲ್ಲ, ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಇರುವ ಅಂತರ.

ನಮ್ಮ ಗೋಡೆಯಾಚೆ ರೊಟ್ಟಿ ಮಾಡಿ ಮಾರುವ ಅಕ್ಕ ಇದ್ದಾರೆ. ಬೆಳಗ್ಗೆ ಆರಕ್ಕೆ ತಟ್ಟುವ ಸದ್ದು ಶುರುವಾಗುತ್ತದೆ. ಟಪ್, ಟಪ್, ಟಪ್. ಅದೇ ಲಯದಲ್ಲಿ ನಡೆದರೆ ನಾನು ಮಲಗಿಯೇ ಇರುತ್ತೇನೆ. ನಡುವೆ ಅವರು ಯಾರ ಜೊತೆಗೋ ಮಾತಾಡಿ ಒಂದು ಪೆಟ್ಟು ತಪ್ಪಿತು ಅಂದರೆ ಎಚ್ಚರ. ಗೆರೆ ನೋಡಿದಾಗ ನನಗೆ ಥಟ್ಟನೆ ನೆನಪಾದದ್ದು ಅದು.

ಕಾರಣ ಹುಡುಗ ಹೀಗೆ ಬಿಡಿಸಿ ಹೇಳಿದ. ನನ್ನ ಮಾನಿಟರ್ 75 ಹರ್ಟ್ಸ್, ಅಂದರೆ 13.3 ಮಿಲಿಸೆಕೆಂಡಿಗೆ ಒಂದು ಸಲ ಚಿತ್ರ ಬದಲಿಸುತ್ತದೆ. ವಿ-ಸಿಂಕ್ ಆನ್ ಇದ್ದಾಗ ಒಂದು ಫ್ರೇಮ್ ಅಷ್ಟರೊಳಗೆ ತಯಾರಾಗಲಿಲ್ಲ ಅಂದರೆ ಬಸ್ ತಪ್ಪಿದಂತೆ, ಮುಂದಿನ ಸರದಿಯವರೆಗೆ ಕಾಯಬೇಕು. ಅಲ್ಲಿಯವರೆಗೆ ಹಳೆಯ ಚಿತ್ರವೇ ನಿಂತಿರುತ್ತದೆ, 26 ಮಿಲಿಸೆಕೆಂಡಿಗೂ ಮೇಲೆ. ಸೇಂಟ್ ಡೆನಿಸ್‌ನಲ್ಲಿ ನನ್ನ ಕಾರ್ಡ್ 66 ಕೊಡುವಾಗ ಇದು ಪದೇ ಪದೇ ಆಗುತ್ತಿತ್ತು. ವಿ-ಸಿಂಕ್ ಆಫ್ ಮಾಡಿದರೆ ಕಾರ್ಡ್ ಸಿಕ್ಕಷ್ಟು ಓಡಿ, 99 ಪರ್ಸೆಂಟ್ ಕೆಲಸದಲ್ಲಿ ಸುಸ್ತಾಗಿ, ಒಂದು ಭಾರದ ದೃಶ್ಯ ಬಂದ ಕೂಡಲೇ ಮುಗ್ಗರಿಸುತ್ತಿತ್ತು.

"75 ಕೊಡಾಕ ಆಗಂಗಿಲ್ಲ ಅಂದ್ರ ಕೇಳಬ್ಯಾಡ. 60 ಕೊಡು ಅನ್ನು, ಆರಾಮ ಕೊಡತೈತಿ" ಅಂದ. ಆರ್‌ಟಿಎಸ್‌ಎಸ್ ತೆರೆದು, ಎಡಗಡೆ 'ಆಡ್' ಒತ್ತಿ ಆಟದ ಫೈಲನ್ನು ಸೇರಿಸಿ, 'ಫ್ರೇಮ್‌ರೇಟ್ ಲಿಮಿಟ್' ಅನ್ನುವ ಡಬ್ಬಿಯಲ್ಲಿ 0 ಇದ್ದ ಕಡೆ 60 ಹೊಡೆದ. 0 ಅಂದರೆ ಮಿತಿ ಇಲ್ಲ ಅಂತ.

ಗರಗಸ ಮಾಯ. 16.7 ಮಿಲಿಸೆಕೆಂಡ್ ಹತ್ತಿರ ಗೆರೆ ದಾರ ಎಳೆದ ಹಾಗೆ ಮಲಗಿತು. ನಾನು ಕುರ್ಚಿ ಬಿಟ್ಟು ಎದ್ದೇ ನಿಂತೆ. ಕಾರ್ಡ್ 168 ವ್ಯಾಟ್ ಎಳೆಯುತ್ತಿದ್ದದ್ದು 115ಕ್ಕೆ ಇಳಿದಿತ್ತು, ಬಿಸಿ 76ರಿಂದ 66 ಡಿಗ್ರಿಗೆ. ಯುಪಿಎಸ್ ಬಾಯಿ ಮುಚ್ಚಿತು. ಇದು ನಾನು ಯೋಚಿಸಿಯೇ ಇರದ ಲಾಭ. ಬೇಕಾಗಿಲ್ಲದ ಫ್ರೇಮ್‌ಗಳನ್ನು ಮಾಡುವುದಕ್ಕೇ ಅಷ್ಟು ಕರೆಂಟ್ ಹೋಗುತ್ತಿತ್ತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಗೆರೆ ನೆಟ್ಟಗೆ ಇದೆ, ಆದರೂ ಕುದುರೆ ಓಡಿಸುತ್ತಾ ಪಕ್ಕಕ್ಕೆ ನೋಡಿದರೆ ಬೇಲಿಯ ಕಂಬಗಳು ನಡುಗುತ್ತಿವೆ. ಮೊದಲಿನ ಜರ್ಕ್ ಅಲ್ಲ, ಒಂದೇ ಸಮನೆ ಬರುವ ನಡುಕ. ಹುಡುಗ ಊರಿಗೆ ಹೋಗಿದ್ದ. ನನಗೆ ಹುಚ್ಚು ಹಿಡಿಯುವುದು ಬಾಕಿ. ಮೂರು ರಾತ್ರಿ ಆಟದ ಸೆಟ್ಟಿಂಗ್ಸ್ ಎಲ್ಲ ಮೇಲೆ ಕೆಳಗೆ ಮಾಡಿದೆ. ನಾಲ್ಕನೇ ರಾತ್ರಿ ಫೋನ್ ತೆಗೆದು, ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮ್ ಹಿಡಿಯುವಂತೆ, ಪರದೆಯನ್ನೇ ವಿಡಿಯೋ ಮಾಡಿದೆ.

ಆಮೇಲೆ ಒಂದೊಂದೇ ಫ್ರೇಮ್ ಸರಿಸಿ ನೋಡಿದೆ. ಕಂಬ ಒಂದು ಹೆಜ್ಜೆ ಸರಿಯುತ್ತದೆ. ಇನ್ನೊಂದು ಹೆಜ್ಜೆ. ಇನ್ನೊಂದು. ನಾಲ್ಕನೆಯ ಹೆಜ್ಜೆ ಇಟ್ಟು ನಿಂತುಬಿಡುತ್ತದೆ, ಎರಡು ಪಟ್ಟು ಹೊತ್ತು. ಮತ್ತೆ ಒಂದು, ಎರಡು, ಮೂರು, ನಾಲ್ಕಕ್ಕೆ ನಿಲ್ಲು. ಎಲ್ಲಿಂದ ನೋಡಿದರೂ ಇದೇ.

ಹಾಳೆ ತಗೊಂಡು ಭಾಗಿಸಿದೆ. ಲೆಕ್ಕ ನನ್ನ ಹೊಟ್ಟೆಪಾಡು, ಆದರೂ ಇಷ್ಟು ದಿನ ಹೊಳೆದಿರಲಿಲ್ಲ. ಮಾನಿಟರ್ ಸೆಕೆಂಡಿಗೆ 75 ಸಲ ಚಿತ್ರ ಕೇಳುತ್ತದೆ. ನಾನು ಕೊಡುವುದು 60. ನಾಲ್ಕು ಚಿತ್ರವನ್ನು ಐದು ಜಾಗಕ್ಕೆ ತುಂಬಬೇಕು. ಹಾಗಾಗಿ ಪ್ರತಿ ನಾಲ್ಕರಲ್ಲಿ ಒಂದು ಚಿತ್ರ ಎರಡು ಸಲ ಕಾಣಲೇಬೇಕು. ಸೆಕೆಂಡಿಗೆ 15 ಸಲ ಎಡವಟ್ಟು. ಆರ್‌ಟಿಎಸ್‌ಎಸ್ ಗೆರೆಗೆ ಇದು ಕಾಣುವುದಿಲ್ಲ. ಅದು ಪಿಸಿ ಫ್ರೇಮ್ ಮಾಡುವ ಹೊತ್ತನ್ನು ಅಳೆಯುತ್ತದೆ, ಪರದೆ ಅದನ್ನು ತೋರಿಸುವ ಹೊತ್ತನ್ನಲ್ಲ.

ಔಷಧಿ ಹತ್ತು ಸೆಕೆಂಡಿನದು. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ಡಿಸ್‌ಪ್ಲೇ, ರಿಫ್ರೆಶ್ ರೇಟ್ 75 ಇದ್ದದ್ದನ್ನು 60 ಮಾಡಿದೆ. ವಿ-ಸಿಂಕ್ ಆನ್, ಲಿಮಿಟ್ 60. ಆಟದೊಳಗೂ ರಿಫ್ರೆಶ್ ರೇಟ್ ಆಯ್ಕೆ ಬೇರೆ ಇರುತ್ತದೆ, ಅಲ್ಲಿ 75 ಉಳಿದಿದ್ದರೆ ಮತ್ತೆ ಅದೇ ಗೋಳು. ನೋಡಿಕೊಳ್ಳಿ. ಹೆಚ್ಚಿನ ಹರ್ಟ್ಸ್‌ಗೆ ದುಡ್ಡು ಕೊಟ್ಟು ಕಡಿಮೆ ಹರ್ಟ್ಸ್‌ನಲ್ಲಿ ಆಡುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ಗೊತ್ತು. ಕಂಬಗಳು ಸುಮ್ಮನೆ ಜಾರಿಕೊಂಡು ಹೋದದ್ದು ನೋಡಿದ ಮೇಲೆ ಒಪ್ಪಿತು.

ನಿಮ್ಮ ಮಾನಿಟರ್ ಬೇರೆ ಇರುತ್ತದೆ, ಅಂಕಿಯೂ ಬೇರೆ ಆಗುತ್ತದೆ. ಲೆಕ್ಕ ಮಾತ್ರ ಅದೇ: ನಿಮ್ಮ ಹರ್ಟ್ಸನ್ನು ಶೇಷ ಉಳಿಯದೆ ಭಾಗಿಸುವ ಅಂಕಿ, ಮತ್ತು ಆಟದ ಅತ್ಯಂತ ಭಾರದ ಜಾಗದಲ್ಲೂ ನಿಮ್ಮ ಕಾರ್ಡ್ ಕೊಡಬಲ್ಲ ಅಂಕಿ. 144 ಹರ್ಟ್ಸ್‌ಗೆ 72 ಅಥವಾ 48. 120ಕ್ಕೆ 60 ಅಥವಾ 40. ಈ 40 ಅನ್ನು ಕಡೆಗಣಿಸಬೇಡಿ, ಅದರಲ್ಲೂ ಲ್ಯಾಪ್‌ಟಾಪ್ ಇರುವವರು. 30ಕ್ಕೆ ಒಂದು ಫ್ರೇಮ್ 33.3 ಮಿಲಿಸೆಕೆಂಡ್, 60ಕ್ಕೆ 16.7, ಇವುಗಳ ಸರಿಯಾದ ನಡು 25. ಅದು 40 ಎಫ್‌ಪಿಎಸ್.

ಫ್ರೀಸಿಂಕ್ ಅಥವಾ ಜಿ-ಸಿಂಕ್ ಸರಿಯಾಗಿ ನಡೆಯುವ ಮಾನಿಟರ್ ಇದ್ದರೆ ಈ ಭಾಗಾಕಾರದ ತಲೆನೋವಿಲ್ಲ, ಪರದೆಯೇ ಕಾರ್ಡ್‌ಗಾಗಿ ಕಾಯುತ್ತದೆ. ಅವರು ಗರಿಷ್ಠ ಹರ್ಟ್ಸ್‌ಗಿಂತ ಮೂರು ಕಡಿಮೆ ಇಟ್ಟರೆ ಸಾಕು, 144ಕ್ಕೆ 141. ನನ್ನ ಮಾನಿಟರ್ ಮೇಲೂ ಫ್ರೀಸಿಂಕ್ ಅಂತ ಸ್ಟಿಕ್ಕರ್ ಇದೆ. ಆದರೆ ಎನ್‌ವಿಡಿಯಾ ಕಾರ್ಡ್‌ಗಳು 2019ರಿಂದ ಫ್ರೀಸಿಂಕ್ ಮಾನಿಟರ್‌ಗಳನ್ನು ಒಪ್ಪುವುದು ಹೆಚ್ಚಾಗಿ ಡಿಸ್‌ಪ್ಲೇಪೋರ್ಟ್ ಮೂಲಕ, ನನ್ನದರಲ್ಲಿ ಇರುವುದು ಎಚ್‌ಡಿಎಂಐ ಮತ್ತು ವಿಜಿಎ ಎರಡೇ. ಮಾನಿಟರ್ ಕೊಳ್ಳುವಾಗ ಹಿಂದೆ ತಿರುಗಿಸಿ ತೂತು ನೋಡಿ, ಸ್ಟಿಕ್ಕರ್ ಅಲ್ಲ.

ಆರ್‌ಟಿಎಸ್‌ಎಸ್ ಬೇಡ ಅನ್ನುವವರಿಗೆ ಬೇರೆ ದಾರಿಯೂ ಇದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ 2020ರಿಂದ 'ಮ್ಯಾಕ್ಸ್ ಫ್ರೇಮ್ ರೇಟ್' ಇದೆ, ಎಎಂಡಿ ಕಾರ್ಡ್ ಇರುವವರಿಗೆ ರೇಡಿಯಾನ್ ಚಿಲ್ ಇದೆ. ಎಷ್ಟೋ ಆಟಗಳಲ್ಲಿ ಒಳಗೇ ಲಿಮಿಟ್ ಇರುತ್ತದೆ. ಗುಂಡು ಹೊಡೆಯುವ ಆನ್‌ಲೈನ್ ಆಟ ಆಡುವವರು ಆಟದೊಳಗಿನ ಲಿಮಿಟನ್ನೇ ಬಳಸಿ. ಮೌಸ್ ಅಲ್ಲಾಡಿಸಿದ್ದಕ್ಕೂ ಪರದೆ ಸ್ಪಂದಿಸಿದ್ದಕ್ಕೂ ನಡುವಿನ ತಡ ಅದರಲ್ಲೇ ಕಡಿಮೆ, ಆಟದ ಮೇಲೆ ಕೂರುವ ಹೊರಗಿನ ಓವರ್‌ಲೇ ಕಂಡರೆ ಆಗದ, ಮೋಸದಾಟ ಹಿಡಿಯುವ ಆಂಟಿ-ಚೀಟ್‌ಗಳ ಕಿರಿಕಿರಿಯೂ ಇಲ್ಲ. ಎರಡು ಮೂರು ಕಡೆ ಒಟ್ಟಿಗೆ ಲಿಮಿಟ್ ಹಾಕಬೇಡಿ. ನಾನು ಹಾಕಿದ್ದೆ, ಗೆರೆ ಮತ್ತೆ ಕುಣಿಯಿತು.

ಹಳೆಯ ಆಟಗಳಿಗೂ ಈಗ ಲಿಮಿಟ್ ಹಾಕಿಟ್ಟಿದ್ದೇನೆ. ಒಂದು ಹಳೆಯ ಆಟದ ಮೆನು ಪರದೆಯಲ್ಲಿ, ಏನೂ ನಡೆಯದ ಜಾಗದಲ್ಲಿ, 900 ಎಫ್‌ಪಿಎಸ್ ಓಡುತ್ತಿತ್ತು, ಕಾರ್ಡ್ ಸೊಳ್ಳೆಯ ಹಾಗೆ ಕೀಂ ಅನ್ನುತ್ತಿತ್ತು. ಇದು ಹೊಸ ರೋಗ ಅಲ್ಲ. 2010ರಲ್ಲಿ ಸ್ಟಾರ್‌ಕ್ರಾಫ್ಟ್ 2 ಬಂದಾಗ ಮೆನುವಿನಲ್ಲೇ ಕಾರ್ಡ್ ಬಿಸಿಯಾಗುತ್ತದೆ ಅಂತ ಜನ ಕೂಗಾಡಿ, ಸೆಟ್ಟಿಂಗ್ಸ್ ಫೈಲ್‌ನಲ್ಲಿ ಎರಡು ಸಾಲು ಸೇರಿಸಿಕೊಳ್ಳಿ ಅಂತ ಆಟದ ಕಂಪನಿಯೇ ಹೇಳಿತ್ತು. ಆಟಕ್ಕೆ 60, ಮೆನುಗೆ 30.

ಲಿಮಿಟರ್ ಎಲ್ಲ ಜರ್ಕ್‌ಗೂ ಮದ್ದಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೊಸ ಆಟಗಳಲ್ಲಿ ಒಂದು ದೃಶ್ಯ ಮೊದಲ ಸಲ ಬಂದಾಗ ಶೇಡರ್ (ಬೆಳಕು, ನೆರಳು ಬಿಡಿಸಲು ಕಾರ್ಡ್‌ಗೆ ಬೇಕಾದ ಪುಟ್ಟ ಪ್ರೋಗ್ರಾಂ) ತಯಾರಾಗುತ್ತಾ ಗಕ್ಕನೆ ನಿಲ್ಲುವುದು ಇದರಿಂದ ಹೋಗುವುದಿಲ್ಲ. ಆಟ ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿದ್ದರೂ ಅಷ್ಟೇ. ಅಂಗಡಿಗೆ ಹೋಗುವ ಮುಂಚೆ ಆ ಗೆರೆಯನ್ನು ಒಂದು ಸಂಜೆ ನೋಡಿ. ಗರಗಸ ಆದರೆ ಲಿಮಿಟ್ ಹಾಕಿ ನೋಡಿ. ನೆಟ್ಟಗಿದ್ದು ನಡುವೆ ಒಂದೊಂದೇ ಗೋಪುರ ಎದ್ದರೆ ರ‍್ಯಾಮ್, ಡಿಸ್ಕ್, ಶೇಡರ್ ಕಡೆ ಹುಡುಕಿ. ಗೆರೆ ನೆಟ್ಟಗಿದ್ದೂ ಕಣ್ಣು ನೊಂದರೆ ಮಾನಿಟರ್ ಹರ್ಟ್ಸ್. ಕಾರ್ಡ್ ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ.

ಮೊನ್ನೆ ಅವ್ವ ಕೇಳಿದಳು, "ಯುಪಿಎಸ್ ಕೆಟ್ಟೈತೇನು? ಕೂಗಂಗೇ ಇಲ್ಲಲಾ." ಇಲ್ಲ, ಸರಿಯಾಗೈತಿ ಅಂದೆ. ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಜಿಟಿ 710 ಇನ್ನೂ ಮೇಜಿನ ಮೇಲೆ ಕೂತಿದೆ. ಶನಿವಾರ ಮಳೆ ಬಿಟ್ಟರೆ ಹುಬ್ಬಳ್ಳಿಗೆ ಹೋಗಿ ಸಾವಿರ ರೂಪಾಯಿ ವಾಪಸ್ ತರಬೇಕು. ಡಿಪಾಸಿಟ್ ಚೀಟಿ ಎಲ್ಲಿಟ್ಟೆ ಅಂತ ಈಗ ಹುಡುಕುತ್ತಿದ್ದೇನೆ.